ಕಳ್ಳಕಾಳು ಏಳದ ಹಾಗೆ



ನನ್ನ ಸೋದರಮಾವ ಮಂಡ್ಯ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಆಗಿದ್ದರು. ಕಬ್ಬಿನ ಹಾಲಿಗೆ ಸುಣ್ಣ ಹಾಕಿ ತಿಳಿ ಮಾಡಿ, ಕಾಯಿಸಿ ಪಾಕ ಮಾಡಿದ ಮೇಲೆ, ಅದನ್ನು ಮೇಲಂತಸ್ತಿನಲ್ಲಿರುವ ಒಂದು ಭಾರಿ ಮುಚ್ಚಿದ ಕಡಾಯಿಗೆ ಎಳೆದುಕೊಳ್ಳುತ್ತಾರೆ. ಅದರೊಳಗಿನ ಗಾಳಿಯನ್ನು ಪಂಪು ಹೀರಿರುತ್ತದೆ. ಹಾಗಾಗಿ ಪಾಕ ಸೀಯದೆ 60-70 ಡಿಗ್ರಿಯಲ್ಲೇ ಕುದಿಯುತ್ತದೆ. ಆ ಕಡಾಯಿಯೇ ಪ್ಯಾನು, ಅದರ ಮುಂದೆ ಪಾಳಿಯಿಡೀ ನಿಲ್ಲುವವನು ಪ್ಯಾನ್‌ಮನ್. ಪಾಕ ಸಕ್ಕರೆಯ ಕಾಳಾಗುವುದು ಅವನ ಕಣ್ಣಳತೆಯಲ್ಲಿ.

ಪಿಯುಸಿ ರಜೆಯಲ್ಲಿ ಒಂದು ಸಲ ಅವರ ಜೊತೆ ರಾತ್ರಿ ಪಾಳಿಗೆ ಹೋಗಿದ್ದೆ. ಪ್ಯಾನಿನ ಪಕ್ಕದಲ್ಲಿದ್ದ ಹಿತ್ತಾಳೆ ಕೋಲನ್ನು ಅವರು ಆಗಾಗ ಹೊರಗೆಳೆದು, ಅದಕ್ಕೆ ಅಂಟಿದ ಪಾಕವನ್ನು ಗಾಜಿನ ಚೂರಿಗೆ ಸವರಿ ಬಲ್ಬಿಗೆ ಹಿಡಿದು ನೋಡುತ್ತಿದ್ದರು. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಯಾವುದೋ ಒಂದು ಗಳಿಗೆಯಲ್ಲಿ ಅವರು ಸಣ್ಣ ಡಬ್ಬಿಯಲ್ಲಿದ್ದ ಬೆಳ್ಳನೆಯ ಗಂಜಿಯಂಥದ್ದನ್ನು ಒಳಕ್ಕೆ ಬಿಟ್ಟರು. ಸ್ಪಿರಿಟ್ಟಿನಲ್ಲಿ ನುಣ್ಣಗೆ ಅರೆದ ಸಕ್ಕರೆ ಅದು, ಬೀಜ. ಆಮೇಲೆ ಹಣೆ ಒರೆಸಿಕೊಂಡು ಹೇಳಿದರು: "ಹುಟ್ಟೋವೆಲ್ಲ ಹುಟ್ಟಿದ್ವು ಕಣೋ ಅಳಿಯ. ಇನ್ನು ಬೆಳಗಾಗೋ ತನಕ ಒಂದೂ ಹೊಸದು ಹುಟ್ಟಬಾರದು. ಇರೋವು ಬೆಳೀಬೇಕು, ಅಷ್ಟೆ."

ಹುಟ್ಟಿದರೆ? ಪಾಕ ಅಳತೆ ಮೀರಿ ಗಟ್ಟಿಯಾದರೆ ಹಳೆಯ ಕಾಳುಗಳ ನಡುವೆ ಹೊಸ ಪುಡಿಕಾಳು ತಾನಾಗಿ ಏಳುತ್ತದೆ. ಇಂಜಿನಿಯರುಗಳು ಅದನ್ನು ಫಾಲ್ಸ್ ಗ್ರೇನ್ ಎನ್ನುತ್ತಾರೆ. ಮಾವನ ಬಾಯಲ್ಲಿ ಅದು ಕಳ್ಳಕಾಳು. ಅದು ಎದ್ದರೆ ಮುಂದೆ ಸಕ್ಕರೆಯನ್ನು ಗಿರ್ರನೆ ತಿರುಗಿಸಿ ಕಾಕಂಬಿ ಬೇರ್ಪಡಿಸುವ ಯಂತ್ರದಲ್ಲಿ ಪುಡಿ ಹೋಗಿ ಸಂದಿಗಳಲ್ಲಿ ಕೂತು, ಕಾಕಂಬಿ ಇಳಿಯದೆ ಸಕ್ಕರೆ ಕೆಂಪಗೆ ಅಂಟಂಟಾಗಿ ಉಳಿಯುತ್ತದೆ. ಎದ್ದದ್ದು ಗೊತ್ತಾದ ಕೂಡಲೇ ಪ್ಯಾನಿಗೆ ನೀರು ಬಿಟ್ಟು ಆ ಪುಡಿಯನ್ನು ಕರಗಿಸಬೇಕು. ಕರಗಿಸುವ ಭರದಲ್ಲಿ ಒಳ್ಳೆಯ ಕಾಳೂ ಒಂದಿಷ್ಟು ಕರಗಿ ಹೋಗುತ್ತದೆ.

ಈ ಕಥೆಯನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ನನಗೆ ಇವತ್ತು ಒಪ್ಪಿಸಿರುವ ವಿಷಯ ಸಿಲಿಕಾದ ನ್ಯಾನೊಕಣಗಳು, ಅದರಲ್ಲೂ ಎಲ್ಲವೂ ಒಂದೇ ಅಳತೆಯವು. ಪುಸ್ತಕಗಳಲ್ಲಿ ಇದು ಸಮೀಕರಣಗಳ ಕಾಡು. ಆದರೆ ಅದರ ತಿರುಳು ಮಾವ ಆ ರಾತ್ರಿ ಹೇಳಿದ ಮೂರು ಮಾತುಗಳೇ. ನನಗೆ ಅದು ಅರ್ಥವಾಗಲು ಇನ್ನೂ ಹತ್ತು ಹನ್ನೆರಡು ವರ್ಷ ಹಿಡಿಯಿತು.

ಸಿಲಿಕಾ ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದದ್ದು. ಹೊಳೆಯ ಮರಳು, ಹೊಲದ ಬೆಣಚುಕಲ್ಲು, ಕಿಟಕಿಯ ಗಾಜು, ಎಲ್ಲದರ ಮೂಲ ಅದೇ. ಕಬ್ಬಿನ ಸೋಗೆ ಕೈ ಕುಯ್ಯುವುದೂ ಭತ್ತದ ಹೊಟ್ಟು ಮೈಗೆ ಚುಚ್ಚುವುದೂ ಅವುಗಳಲ್ಲಿ ಸೇರಿಕೊಂಡ ಸಿಲಿಕಾದಿಂದ. ಇಷ್ಟು ಸಾಮಾನ್ಯವಾದ ವಸ್ತುವಿನಿಂದ ಕೂದಲಿನ ದಪ್ಪದ ಇನ್ನೂರೈವತ್ತನೇ ಒಂದು ಪಾಲಿನ ಗೋಲಿಗಳನ್ನು, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ, ಮಾಡುವುದು ಹೇಗೆ?

ಬೀಸಿದರೆ ಆಗುವುದಿಲ್ಲ. ರಾಗಿ ಬೀಸಿದವರಿಗೆ ಗೊತ್ತು, ಕಲ್ಲಿನಿಂದ ಹಿಟ್ಟೂ ಬರುತ್ತದೆ, ತರಿಯೂ ಬರುತ್ತದೆ. ಜರಡಿ ಹಿಡಿಯೋಣವೆಂದರೆ ಇಷ್ಟು ಸಣ್ಣದಕ್ಕೆ ಜರಡಿ ಎಲ್ಲಿದೆ? ಬೂಂದಿ ಕರಿಯುವವರು ತೂತಿನ ಸೌಟಿನಿಂದ ಹಿಟ್ಟು ಉದುರಿಸಿ ಕಾಳನ್ನು ಸಮ ಮಾಡುತ್ತಾರೆ. ಅಲ್ಲಿ ಅಳತೆ ತೂತಿನದು. ಇಲ್ಲಿ ತೂತೂ ಇಲ್ಲ, ಅಚ್ಚೂ ಇಲ್ಲ. ಬೀಕರಿನಲ್ಲಿ ಇರುವುದು ನೀರಿನಂಥ ತಿಳಿ ದ್ರವ ಮಾತ್ರ. ಅದರೊಳಗೆ ಲಕ್ಷ ಕೋಟಿಗಟ್ಟಲೆ ಗೋಲಿಗಳು ತಾವಾಗಿ ಹುಟ್ಟಿ, ತಾವಾಗಿ ಒಂದೇ ಅಳತೆಗೆ ಬೆಳೆದು, ತಾವಾಗಿ ನಿಲ್ಲಬೇಕು.

ಈ ಕೆಲಸದ ಕಚ್ಚಾವಸ್ತುವಿಗೆ ಉದ್ದನೆಯ ಹೆಸರು: ಟೆಟ್ರಾಈಥೈಲ್ ಆರ್ಥೋಸಿಲಿಕೇಟ್. ಲ್ಯಾಬಿನಲ್ಲಿ ಎಲ್ಲರೂ ಟಿಇಒಎಸ್ ಎಂದು ಮುಗಿಸುತ್ತಾರೆ. ಒಂದು ಸಿಲಿಕಾನ್ ಪರಮಾಣು, ಅದರ ನಾಲ್ಕು ಕೈಗಳಿಗೂ ಒಂದೊಂದು ಆಲ್ಕೋಹಾಲಿನ ತುಣುಕು ತೊಡಿಸಿದ ಹಾಗಿರುವ ಅಣು ಇದು. ಬಣ್ಣವಿಲ್ಲದ ದ್ರವ. ಇದನ್ನು ಮೊದಲು ತಯಾರಿಸಿದವನು ಫ್ರಾನ್ಸಿನ ಎಬೆಲ್ಮೆನ್, 1840ರ ದಶಕದಲ್ಲಿ. ತೇವದ ಗಾಳಿಗೆ ಇಟ್ಟರೆ ಈ ದ್ರವ ನಿಧಾನಕ್ಕೆ ಗಾಜಿನಂತೆ ಗಟ್ಟಿಯಾಗುತ್ತದೆಂದು ಅವನೇ ಗಮನಿಸಿದ. ಬೆಂಕಿಯಿಲ್ಲದೆ ಗಾಜು! ಅವನು ಮುಂದೆ ಸೆವ್ರ್‌ನ ಹೆಸರಾಂತ ಪಿಂಗಾಣಿ ಕಾರ್ಖಾನೆಯ ಮುಖ್ಯಸ್ಥನಾದ. ಕುಲುಮೆಗಳ ನಡುವೆ ಕೂತವನಿಗೆ ಬೆಂಕಿಯಿಲ್ಲದ ಗಾಜು ಸಿಕ್ಕಿದ್ದು ತಮಾಷೆಯೇ ಸರಿ.

ಅಲ್ಲಿಂದ ನೂರು ವರ್ಷ ದಾಟಿ ಬರೋಣ. 1956ರಲ್ಲಿ ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಕೋಲ್ಬೆ ಎಂಬ ಸಂಶೋಧಕ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ವಿಷಯ ಬರೆದಿಟ್ಟ: ಆಲ್ಕೋಹಾಲಿನಲ್ಲಿ ಈ ಸಿಲಿಕೇಟನ್ನು ಕರಗಿಸಿ, ಒಂದಿಷ್ಟು ನೀರು ಮತ್ತು ಅಮೋನಿಯಾ ಸೇರಿಸಿದರೆ ಸಿಲಿಕಾ ಗುಂಡಗಿನ ಕಣಗಳಾಗಿ ಬರುತ್ತದೆ. ಡಾಕ್ಟರೇಟ್ ಪ್ರಬಂಧಗಳ ಹಣೆಬರಹ ನಿಮಗೆ ಗೊತ್ತೇ ಇದೆ. ಹನ್ನೆರಡು ವರ್ಷ ಕಳೆದು, 1968ರಲ್ಲಿ, ವರ್ನರ್ ಸ್ಟೋಬರ್, ಆರ್ಥರ್ ಫಿಂಕ್, ಅರ್ನ್ಸ್ಟ್ ಬೋನ್ ಎಂಬ ಮೂವರು ಅದೇ ದಾರಿಯನ್ನು ಹಿಡಿದು, ಯಾವುದನ್ನು ಎಷ್ಟು ಹಾಕಿದರೆ ಎಷ್ಟು ದೊಡ್ಡ ಗೋಲಿ ಬರುತ್ತದೆಂದು ಶ್ರದ್ಧೆಯಿಂದ ಅಳೆದು, ಎಂಟೇ ಪುಟಗಳ ಪ್ರಬಂಧ ಪ್ರಕಟಿಸಿದರು. 50 ನ್ಯಾನೊಮೀಟರಿಗಿಂತ ಸಣ್ಣದರಿಂದ ಹಿಡಿದು 2,000 ನ್ಯಾನೊಮೀಟರಿನ ತನಕ ಗೋಲಿಗಳನ್ನು ಅವರು ಬೆಳೆಸಿ ತೋರಿಸಿದರು. ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ಇದಕ್ಕೆ ಸ್ಟೋಬರ್ ವಿಧಾನವೆಂದೇ ಹೆಸರು. ಕೋಲ್ಬೆಯ ಹೆಸರು ಅಡಿಟಿಪ್ಪಣಿಯಲ್ಲಿ ಉಳಿಯಿತು.

ಸ್ಟೋಬರ್ ಗೋಲಿ ಮಾಡಲು ಹೊರಟ ರಸಾಯನಶಾಸ್ತ್ರಜ್ಞನಲ್ಲ. ಆತ ಧೂಳಿನ ವಿಜ್ಞಾನಿ. ಗಾಳಿಯಲ್ಲಿ ತೇಲುವ ಕಣ ಉಸಿರಿನೊಡನೆ ಒಳಗೆ ಹೋಗಿ ಪುಪ್ಪುಸದ ಯಾವ ಮೂಲೆಯಲ್ಲಿ ಕೂರುತ್ತದೆ ಎನ್ನುವುದು ಬಹುಮಟ್ಟಿಗೆ ಆ ಕಣದ ಗಾತ್ರದ ಮೇಲೆ ನಿಂತಿದೆ. ದಪ್ಪ ಕಣ ಮೂಗಿನಲ್ಲೇ ಸಿಕ್ಕಿಬೀಳುತ್ತದೆ, ಸಣ್ಣದು ಆಳಕ್ಕೆ ಇಳಿಯುತ್ತದೆ. ಇದನ್ನು ಅಳೆಯುವ ಉಪಕರಣ ಸರಿಯಾಗಿ ಹೇಳುತ್ತಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಗಾತ್ರ ಖಚಿತವಾಗಿ ಗೊತ್ತಿರುವ ಧೂಳು ಬೇಕು. ತಕ್ಕಡಿಗೆ ತೂಕದ ಬಟ್ಟು ಬೇಕಾದ ಹಾಗೆ.

ಸಿಲಿಕಾ ಧೂಳಿನ ಮಾತು ಬಂದಾಗ ಕನ್ನಡಿಗರು ಕೋಲಾರವನ್ನು ನೆನೆಯದಿರಲು ಆಗುವುದಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಪುಪ್ಪುಸದ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಕಲ್ಲು ಕೊರೆಯುವಾಗ ಏಳುವ ಬೆಣಚಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರು ಏದುಸಿರು ಬಿಡುತ್ತಾ ಮನೆ ಸೇರಿದರು. ಆದರೆ ಒಂದು ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆ ರೋಗ ತರುವುದು ಹರಳಿನ ರೂಪದ ಸಿಲಿಕಾ, ಅಂದರೆ ಬೆಣಚು. ಬೀಕರಿನಲ್ಲಿ ಬೆಳೆಸುವ ಗೋಲಿ ಗಾಜಿನ ಜಾತಿಯದು, ಅದರಲ್ಲಿ ಹರಳಿನ ಕ್ರಮವಿಲ್ಲ. ಹಾಗೆಂದು ಒಣಗಿದ ಪುಡಿಯನ್ನು ಊದಿ ಆಡಬಹುದೆಂದು ನಾನು ಹೇಳುತ್ತಿಲ್ಲ. ಮುಖಕ್ಕೆ ಮಾಸ್ಕು ಇರಲಿ.

ಈಗ ಬೀಕರಿನ ಮುಂದೆ ನಿಲ್ಲೋಣ. ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ, ನೀವೇ ಕಲ್ಪಿಸಿಕೊಳ್ಳಬೇಕು. ಬೀಕರಿನಲ್ಲಿ ಆಲ್ಕೋಹಾಲ್. ಅದಕ್ಕೆ ಒಂದಿಷ್ಟು ನೀರು, ಒಂದಿಷ್ಟು ಅಮೋನಿಯಾ ದ್ರಾವಣ. ಮುಚ್ಚಳ ತೆಗೆದರೆ ಬೆಳಗಿನ ಜಾವ ಬಾಗಿಲು ತೆಗೆದ ದನದ ಕೊಟ್ಟಿಗೆಯ ಘಾಟು, ಅದಕ್ಕಿಂತ ಹತ್ತು ಪಾಲು ಹೆಚ್ಚು. ತಳದಲ್ಲಿ ಆಯಸ್ಕಾಂತದ ಕಡ್ಡಿ ತಿರುಗುತ್ತಾ ಎಲ್ಲವನ್ನೂ ಕಲಕುತ್ತಿದೆ. ಇದಕ್ಕೆ ಟಿಇಒಎಸ್ ಅನ್ನು ಒಂದೇ ಸಲಕ್ಕೆ ಸುರಿಯುತ್ತೇವೆ.

ಏನೂ ಆಗುವುದಿಲ್ಲ. ಒಂದು ನಿಮಿಷ, ಎರಡು ನಿಮಿಷ, ಕೆಲವು ಸಲ ಐದು ನಿಮಿಷ, ದ್ರವ ತಿಳಿಯಾಗಿಯೇ ಇರುತ್ತದೆ. ಹೊಸ ವಿದ್ಯಾರ್ಥಿಗಳು ಈ ಹೊತ್ತಿನಲ್ಲೇ ತಪ್ಪು ಬಾಟಲಿ ಸುರಿದೆವೇನೋ ಎಂದು ಚೀಟಿ ಓದಲು ಹೋಗುತ್ತಾರೆ. ಅಷ್ಟರಲ್ಲಿ ದ್ರವಕ್ಕೆ ತೆಳುವಾದ ನೀಲಿ ಮಂಜು ಬರುತ್ತದೆ. ಆಮೇಲೆ ತಡವಿಲ್ಲ, ನೋಡನೋಡುತ್ತಿದ್ದಂತೆ ಹಾಲಿನ ಬಿಳುಪು. ನನ್ನ ವೃತ್ತಿಜೀವನದಲ್ಲಿ ಇದನ್ನು ನೂರಾರು ಸಲ ನೋಡಿದ್ದೇನೆ. ಆ ನೀಲಿ ಬರುವ ಗಳಿಗೆಗೆ ಇನ್ನೂ ಎದ್ದು ನಿಂತು ನೋಡುತ್ತೇನೆ.

ತಿಳಿಯಾಗಿದ್ದ ಆ ನಿಮಿಷಗಳಲ್ಲಿ ಒಳಗೆ ಸುಮ್ಮನೇನೂ ಇರಲಿಲ್ಲ. ನೀರು ಬಂದು ಸಿಲಿಕಾನ್‌ನ ಕೈಗಳಿಂದ ಆಲ್ಕೋಹಾಲ್ ತುಣುಕುಗಳನ್ನು ಒಂದೊಂದಾಗಿ ಕಳಚುತ್ತಿತ್ತು. ಬರಿಗೈಯಾದ ಅಣು ಸಿಲಿಸಿಕ್ ಆಮ್ಲ. ಅಂಥ ಎರಡು ಅಣುಗಳು ಎದುರಾದರೆ ಕೈಹಿಡಿದುಕೊಳ್ಳುತ್ತವೆ, ನಡುವೆ ಒಂದು ನೀರಿನ ಅಣು ಹೊರಬೀಳುತ್ತದೆ. ಮೂರನೆಯದು, ನಾಲ್ಕನೆಯದು ಬಂದು ಸೇರುತ್ತವೆ. ಕಳಚುವುದು, ಕೂಡುವುದು. ರಸಾಯನ ಇಷ್ಟೇ.

ಹಾಗಾದರೆ ಅಮೋನಿಯಾದ ಪಾತ್ರವೇನು? ಒಂದು, ಕಳಚುವ ಕೆಲಸವನ್ನೂ ಕೂಡುವ ಕೆಲಸವನ್ನೂ ಚುರುಕು ಮಾಡುತ್ತದೆ. ಇನ್ನೊಂದು ಇದಕ್ಕಿಂತ ಮುಖ್ಯ. ದ್ರಾವಣ ಕ್ಷಾರವಾದಾಗ ಸಿಲಿಕಾ ಕಣದ ಮೈಗೆ ಋಣ ವಿದ್ಯುದಂಶ ಬರುತ್ತದೆ. ಎಲ್ಲ ಕಣಗಳಿಗೂ ಒಂದೇ ಬಗೆಯ ವಿದ್ಯುದಂಶವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಅಂಟಿಕೊಳ್ಳುವುದಿಲ್ಲ. ಅಮೋನಿಯಾದ ಬದಲು ಆಮ್ಲ ಹಾಕಿ ನೋಡಿ, ಅದೇ ಟಿಇಒಎಸ್ ಬಲೆಬಲೆಯಾಗಿ ಹೆಣೆದುಕೊಂಡು ಇಡೀ ಬೀಕರು ಗಟ್ಟಿ ಜೆಲ್ ಆಗಿ ಕೂರುತ್ತದೆ. ಗೋಲಿಯ ಸುಳಿವೇ ಇರುವುದಿಲ್ಲ. ಸ್ಟೋಬರ್ ಅಮೋನಿಯಾವನ್ನು ಆಕಾರದ ವೇಗವರ್ಧಕ ಎಂದು ಕರೆದದ್ದು ಇದಕ್ಕೇ.

ಇಷ್ಟರಿಂದ ಕಣ ಗುಂಡಗಾದದ್ದು ತಿಳಿಯಿತು. ಎಲ್ಲವೂ ಒಂದೇ ಅಳತೆಯಾದದ್ದು?

ಇದಕ್ಕೆ ಒಂದು ವಿವರಣೆ ಸಿಲಿಕಾದಿಂದ ಬಂದದ್ದಲ್ಲ, ಗಂಧಕದಿಂದ ಬಂದದ್ದು. 1950ರಲ್ಲಿ ಅಮೆರಿಕದ ವಿಕ್ಟರ್ ಲಾಮರ್ ಮತ್ತು ರಾಬರ್ಟ್ ಡಿನೆಗರ್ ನೀರಿನಲ್ಲಿ ಒಂದೇ ಗಾತ್ರದ ಗಂಧಕದ ಕಣಗಳು ಹೇಗೆ ಮೂಡುತ್ತವೆಂದು ವಿವರಿಸಿದರು. ಕರಗಿದ ವಸ್ತು ದ್ರಾವಣದಲ್ಲಿ ಮೆಲ್ಲಗೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಕರಗುವ ಮಿತಿ ದಾಟಿದರೂ ತಕ್ಷಣ ಕಣ ಹುಟ್ಟುವುದಿಲ್ಲ, ಹುಟ್ಟಲು ಇನ್ನೂ ಮೇಲಿನ ಒಂದು ಗಡಿ ಮುಟ್ಟಬೇಕು. ಮುಟ್ಟಿದೊಡನೆ ಅಸಂಖ್ಯಾತ ಬೀಜಗಳು ಒಟ್ಟಿಗೇ ಹುಟ್ಟುತ್ತವೆ. ಹುಟ್ಟಿದವು ಸುತ್ತಲಿನ ಆಹಾರವನ್ನು ನುಂಗತೊಡಗುವುದರಿಂದ ದ್ರಾವಣದ ಮಟ್ಟ ಆ ಗಡಿಯಿಂದ ಕೆಳಕ್ಕೆ ಇಳಿಯುತ್ತದೆ. ಅಲ್ಲಿಗೆ ಹೆರಿಗೆ ಬಂದ್. ಇನ್ನು ಬರುವ ಆಹಾರವೆಲ್ಲ ಇರುವವುಗಳ ಮೈಗೇ. ಒಂದೇ ಗಳಿಗೆಯಲ್ಲಿ ಹುಟ್ಟಿ ಒಂದೇ ಊಟ ಉಂಡವು ಒಂದೇ ಎತ್ತರಕ್ಕೆ ಬೆಳೆಯುತ್ತವೆ.

ಮಾವನ ಮಾತು ಕೇಳಿಸುತ್ತಿದೆಯಲ್ಲವೇ? ವ್ಯತ್ಯಾಸವೆಂದರೆ ಅವರು ಬೀಜವನ್ನು ಡಬ್ಬಿಯಿಂದ ಸುರಿಯುತ್ತಿದ್ದರು, ಇಲ್ಲಿ ಬೀಜ ತಾನೇ ಹುಟ್ಟುತ್ತದೆ.

ಹುಟ್ಟಿನ ಗಳಿಗೆಯಲ್ಲಿ ಅಲ್ಪಸ್ವಲ್ಪ ಹಿಂದುಮುಂದಾದರೂ ಬೆಳವಣಿಗೆ ಅದನ್ನು ಮುಚ್ಚಿಬಿಡುತ್ತದೆ. ಎರಡು ವರ್ಷ ಅಂತರದ ಅಕ್ಕತಂಗಿಯರು ಒಂದರ ಮಗು, ಮೂರರ ಮಗು ಆಗಿದ್ದಾಗ ಯಾರು ದೊಡ್ಡವಳೆಂದು ಕೇಳಬೇಕಿಲ್ಲ. ಅವರೇ ಅರವತ್ತು, ಅರವತ್ತೆರಡು ಆದಾಗ ನೆಂಟರಿಗೇ ಗೊಂದಲ. ಕಣಗಳಲ್ಲೂ ಹಾಗೆಯೇ. 20 ನ್ಯಾನೊಮೀಟರಿನದೊಂದು, 25ರದೊಂದು ಇದ್ದರೆ ವ್ಯತ್ಯಾಸ ಕಾಲು ಭಾಗ. ಎರಡೂ ಒಂದೇ ವೇಗದಲ್ಲಿ ಬೆಳೆದು 300, 305 ಆದರೆ ವ್ಯತ್ಯಾಸ ನೂರಕ್ಕೆ ಎರಡೂ ಇಲ್ಲ. ದೊಡ್ಡ ಗೋಲಿಗಳು ಸಮನಾಗಿ ಬರುವುದು ಸುಲಭ, ಸಣ್ಣವು ಸಮನಾಗಿ ಬರುವುದು ಕಷ್ಟ ಎನ್ನುವುದಕ್ಕೆ ಈ ಲೆಕ್ಕವೇ ಕಾರಣ.

ಆದರೆ ವಿಜ್ಞಾನಿಗಳು ಇಷ್ಟು ಚಂದದ ಕಥೆಯನ್ನು ಸುಮ್ಮನೆ ಒಪ್ಪುವ ಜನ ಅಲ್ಲ. ಅಮೆರಿಕದ ಬೋಗಷ್ ಮತ್ತು ಝುಕೋಸ್ಕಿ 1980ರ ದಶಕದ ಕೊನೆಯಿಂದ ಇದನ್ನು ಮತ್ತೆ ಮತ್ತೆ ಅಳೆದು ಬೇರೆಯೇ ಮಾತು ಹೇಳಿದರು. ಅವರ ಪ್ರಕಾರ ಬೀಜಗಳು ಹುಟ್ಟುವುದು ಅಷ್ಟು ಬೇಗ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಹುಟ್ಟಿದ, ಕೆಲವೇ ನ್ಯಾನೊಮೀಟರಿನ ಮರಿಗಳಿಗೆ ತಮ್ಮನ್ನು ಕಾಪಾಡಿಕೊಳ್ಳುವಷ್ಟು ವಿದ್ಯುದಂಶ ಇರುವುದಿಲ್ಲ. ಅವು ಒಂದಕ್ಕೊಂದು ಅಂಟುತ್ತಾ ದೊಡ್ಡದಾಗುತ್ತವೆ. ಒಂದು ಮಟ್ಟಕ್ಕೆ ಬೆಳೆದ ಗುಂಪುಗಳು ತಮ್ಮ ಸರೀಕರನ್ನು ದೂರ ತಳ್ಳುತ್ತವೆ, ಮರಿಗಳನ್ನು ಮಾತ್ರ ನುಂಗುತ್ತವೆ. ತಡವಾಗಿ ಹುಟ್ಟಿದ ಕಳ್ಳಕಾಳು ಬದುಕುವುದೇ ಇಲ್ಲ, ದೊಡ್ಡದರ ಹೊಟ್ಟೆ ಸೇರುತ್ತದೆ. 1992ರಲ್ಲಿ ಹಾಲೆಂಡಿನ ವಾನ್ ಬ್ಲಾಡೆರೆನ್ ಮತ್ತು ಜೊತೆಗಾರರು ಎರಡಕ್ಕೂ ಜಾಗ ಕೊಟ್ಟರು: ಶುರುವಿನಲ್ಲಿ ಅಂಟಿಕೊಂಡು ಆಗುತ್ತದೆ, ಆಮೇಲೆ ಅಣು ಅಣುವಾಗಿ ಮೈಗೆ ಸೇರಿ ಬೆಳೆಯುತ್ತದೆ, ಮೇಲ್ಮೈ ನುಣುಪಾಗುವುದು ಆ ಎರಡನೆಯ ಹಂತದಲ್ಲಿ ಎಂದರು. ನನ್ನ ಒಲವು ಇವರ ಕಡೆಗೆ. ಆರಂಭದಲ್ಲಿ ಹೊರತೆಗೆದ ಕಣಗಳ ಚಿತ್ರಗಳಲ್ಲಿ ಮೈ ತರಿತರಿಯಾಗಿ, ಸಬ್ಬಕ್ಕಿ ವಡೆಯಂತೆ ಕಂಡದ್ದನ್ನು ನಾನೇ ನೋಡಿದ್ದೇನೆ.

ನನ್ನ ಸ್ವಂತ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಸಂಶೋಧನೆಗೆ ಸೇರಿದ ಮೊದಲ ವರ್ಷ. ಅಳತೆ ಕೊಳವೆ ಚಿಕ್ಕದಿತ್ತು, ಟಿಇಒಎಸ್ ಅರ್ಧ ಸುರಿದೆ. ಯಾರೋ ಕರೆದರು, ಹೊರಗೆ ಹೋಗಿ ಮಾತಾಡಿ, ಟೀ ಕುಡಿದು ಬಂದು ಉಳಿದರ್ಧವನ್ನು ಗಬಕ್ಕನೆ ಸುರಿದೆ. ಒಟ್ಟು ಅಳತೆ ಸರಿ ಇದೆಯಲ್ಲ ಎಂದು ನನ್ನ ಲೆಕ್ಕ. ಮಾರನೆಯ ವಾರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ಬಂತು: ಸಾಲಾಗಿ ಕೂತ ದೊಡ್ಡ ಗೋಲಿಗಳು, ಅವುಗಳ ಸಂದಿಗೊಂದಿಯಲ್ಲೆಲ್ಲ ಪುಟಾಣಿ ಗೋಲಿಗಳು. ಮದುವೆ ಪಂಕ್ತಿಯಲ್ಲಿ ದೊಡ್ಡವರ ನಡುವೆ ನುಸುಳಿ ಕೂತ ಮಕ್ಕಳ ಹಾಗೆ. ಮೂರು ದಿನ ಪುಸ್ತಕ ತಿರುವಿದೆ. ಹಬ್ಬಕ್ಕೆ ಊರಿಗೆ ಹೋದಾಗ, ಆಗಲೇ ನಿವೃತ್ತರಾಗಿದ್ದ ಮಾವನಿಗೆ ಮಾತಿಗೆ ಮಾತು ಬಂದು ಹೇಳಿದೆ. ಅವರು ನಕ್ಕರು. "ಉಣ್ಣೋ ಬಾಯಿ ಎಷ್ಟು ಅಂತ ನೋಡದೆ ಅನ್ನ ಸುರಿದಿದ್ದೀಯ. ಮಿಕ್ಕಿದ ಅನ್ನಕ್ಕೆ ಹೊಸ ಬಾಯಿ ಹುಟ್ಟಿಕೊಂಡಿದೆ. ಕಳ್ಳಕಾಳು ಅದು."

ಸಿಲಿಕಾದ ಬಗ್ಗೆ ಒಂದಕ್ಷರ ಓದದ ಮನುಷ್ಯ ನನ್ನ ಮೂರು ದಿನದ ಪ್ರಶ್ನೆಗೆ ಮೂರು ವಾಕ್ಯದಲ್ಲಿ ಉತ್ತರ ಕೊಟ್ಟಿದ್ದರು. ದೊಡ್ಡ ಗೋಲಿ ಬೇಕಾದಾಗ ಇವತ್ತು ಎಲ್ಲ ಲ್ಯಾಬುಗಳಲ್ಲೂ ಮಾಡುವುದು ಅವರು ಹೇಳಿದ್ದನ್ನೇ: ಮೊದಲು ಬೆಳೆದ ಗೋಲಿಗಳನ್ನೇ ಬೀಜವಾಗಿಟ್ಟು, ಟಿಇಒಎಸ್ ಅನ್ನು ಹನಿಹನಿಯಾಗಿ, ಇರುವ ಮೈಗಳು ಹೀರುವಷ್ಟೇ ವೇಗದಲ್ಲಿ ಬಿಡುವುದು. ಇದಕ್ಕೆ ತಾಳ್ಮೆ ಬೇಕು. ಅಡ್ಡಳತೆ ಎರಡರಷ್ಟಾಗಬೇಕಾದರೆ ವಸ್ತು ಎಂಟರಷ್ಟಾಗಬೇಕು, ಅಂದರೆ ಈಗ ಇರುವುದರ ಏಳರಷ್ಟು ಹೊಸದಾಗಿ ಉಣಿಸಬೇಕು.

ಗಾತ್ರವನ್ನು ಹದ ಮಾಡಲು ಇನ್ನೂ ಹಲವು ಕೀಲಿಗಳಿವೆ. ಮೆಥನಾಲಿನಲ್ಲಿ ಮಾಡಿದರೆ ಕ್ರಿಯೆ ಬೇಗ, ಗೋಲಿ ಸಣ್ಣದು. ಎಥನಾಲ್, ಪ್ರೊಪನಾಲ್, ಬ್ಯೂಟನಾಲ್ ಎಂದು ಆಲ್ಕೋಹಾಲ್ ದಪ್ಪವಾದಂತೆ ಕ್ರಿಯೆ ನಿಧಾನ, ಗೋಲಿ ದೊಡ್ಡದು. ಅಮೋನಿಯಾ ಹೆಚ್ಚಿಸಿದರೆ ಸಾಮಾನ್ಯವಾಗಿ ಗೋಲಿ ಹಿರಿದಾಗುತ್ತದೆ. ನೀರು ಹೆಚ್ಚಿಸಿದರೆ ಒಂದು ಮಟ್ಟದ ತನಕ ಹಿರಿದಾಗಿ, ಆಮೇಲೆ ಮತ್ತೆ ಕಿರಿದಾಗುತ್ತದೆ. ಶಾಖದ ವಿಷಯ ಮಾತ್ರ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ: ಬಿಸಿಯಲ್ಲಿ ಸಣ್ಣ ಗೋಲಿ, ತಂಪಿನಲ್ಲಿ ದೊಡ್ಡ ಗೋಲಿ. ಬಿಸಿಯಲ್ಲಿ ಬೀಜಗಳು ಹೆಚ್ಚು ಹುಟ್ಟಿ, ಇರುವ ವಸ್ತು ಹೆಚ್ಚು ಪಾಲಾಗುವುದೇ ಕಾರಣ. ಡಿಸೆಂಬರಿನಲ್ಲಿ ಮಾಡಿದ್ದು ಏಪ್ರಿಲ್‌ನಲ್ಲಿ ಬರಲಿಲ್ಲವೆಂದು ಗೋಳಾಡುವ ವಿದ್ಯಾರ್ಥಿಗಳಿಗೆ ನಾನು ಮೊದಲು ಗೋಡೆಯ ಥರ್ಮಾಮೀಟರ್ ತೋರಿಸುತ್ತಿದ್ದೆ, ಆಮೇಲೆ ಅಮೋನಿಯಾ ಬಾಟಲಿ. ಮುಚ್ಚಳ ಸಡಿಲಾಗಿದ್ದ ಬಾಟಲಿಯಿಂದ ಅಮೋನಿಯಾ ಹಾರಿಹೋಗಿ ಬರೀ ನೀರು ಉಳಿದಿರುತ್ತದೆ, ಚೀಟಿಯ ಮೇಲೆ ಮಾತ್ರ ಹಳೆಯ ಶೇಕಡಾವಾರು.

ತೀರಾ ಸಣ್ಣ ಗೋಲಿಗಳಲ್ಲಿ ಸ್ಟೋಬರ್ ವಿಧಾನದ ಕೈ ಸೋಲುತ್ತದೆ. 2006ರ ಹೊತ್ತಿಗೆ ಬೇರೊಂದು ದಾರಿ ಸಿಕ್ಕಿತು. ಅಮೋನಿಯಾದ ಜಾಗದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ. ನಮ್ಮ ಅನ್ನದಲ್ಲಿ ಕಡಿಮೆ, ಬೇಳೆಯಲ್ಲಿ ಹೆಚ್ಚು ಇರುವುದು ಅದೇ. ಆಲ್ಕೋಹಾಲ್ ಇಲ್ಲದೆ ನೀರಿನಲ್ಲೇ, ಮೆಲ್ಲಗೆ ಬೆಳೆಸಿ, ಹನ್ನೆರಡು ನ್ಯಾನೊಮೀಟರಿನ ಗೋಲಿಗಳನ್ನು ಜಪಾನಿನವರು ಸಾಲಾಗಿ ಕೂರಿಸಿ ತೋರಿಸಿದರು.

ಇಷ್ಟೆಲ್ಲ ಪಾಡು ಏಕೆ, ಒಂದೇ ಅಳತೆಯಾದರೆ ಏನು ಸಿಕ್ಕಂತಾಯಿತು ಎಂದು ಕೇಳಬಹುದು. ಉತ್ತರಕ್ಕೆ ಓಪಲ್ ರತ್ನವನ್ನು ನೋಡಬೇಕು. ಹಾಲುಬಿಳುಪಿನ ಕಲ್ಲು, ತಿರುಗಿಸಿದರೆ ಒಳಗಿಂದ ನೀಲಿ, ಹಸಿರು, ಕೆಂಪು ಕಿಡಿ. ಅದರಲ್ಲಿ ಬಣ್ಣದ ಪದಾರ್ಥವೇ ಇಲ್ಲ, ಇರುವುದು ಸಿಲಿಕಾ ಮತ್ತು ನೀರು. ಮತ್ತೆ ಬಣ್ಣ ಎಲ್ಲಿಂದ? ಈ ಪ್ರಶ್ನೆ ನಮ್ಮ ಬೆಂಗಳೂರಿನಲ್ಲೂ ಒಬ್ಬರನ್ನು ಕಾಡಿತ್ತು. ಸಿ.ವಿ. ರಾಮನ್ ಅವರಿಗೆ ಹೊಳೆಯುವುದೆಲ್ಲ ಪ್ರಿಯ, ರತ್ನಗಳು, ಚಿಪ್ಪುಗಳು, ಚಿಟ್ಟೆಯ ರೆಕ್ಕೆ. ತಮ್ಮ ಸಂಸ್ಥೆಯಲ್ಲಿ ಎ. ಜಯರಾಮನ್ ಜೊತೆ ಓಪಲನ್ನು ಪರೀಕ್ಷಿಸಿ 1953ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಕಲ್ಲಿನೊಳಗೆ ಒಂದು ನಿಯತವಾದ ಪದರ ರಚನೆ ಇದೆ, ಬಣ್ಣ ಹುಟ್ಟುವುದು ಅದರಿಂದ ಎಂಬ ಜಾಡು ಅವರದು. ಆ ಪದರದಲ್ಲಿ ಇರುವುದು ಏನು ಎಂಬುದನ್ನು ಕಣ್ಣಾರೆ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಿತ್ತು. 1964ರಲ್ಲಿ ಆಸ್ಟ್ರೇಲಿಯಾದ ಸ್ಯಾಂಡರ್ಸ್ ಮತ್ತು ಸಂಗಡಿಗರು ಅದನ್ನು ಕಂಡರು: ಒಂದೇ ಗಾತ್ರದ ಸಿಲಿಕಾ ಗೋಲಿಗಳು, ಸಂತೆಯಲ್ಲಿ ಕಿತ್ತಳೆ ಪೇರಿಸಿದ ಹಾಗೆ, ಸಾಲು ಸಾಲು. ಸಾಲುಗಳ ನಡುವಿನ ಅಂತರ ಬೆಳಕಿನ ಅಲೆಯುದ್ದಕ್ಕೆ ಹೊಂದುವುದರಿಂದ ಒಂದೊಂದು ಕೋನದಲ್ಲಿ ಒಂದೊಂದು ಬಣ್ಣ ಎದ್ದು ಬರುತ್ತದೆ. ಗೋಲಿ ಸಣ್ಣದಿದ್ದರೆ ನೀಲಿ ನೇರಳೆ, ದೊಡ್ಡದಿದ್ದರೆ ಕೆಂಪೂ ಸಿಗುತ್ತದೆ. ಅಳತೆ ಹೆಚ್ಚುಕಡಿಮೆಯಾದ ಗೋಲಿಗಳನ್ನು ಪೇರಿಸಿದರೂ ಸಾಲು ನಿಲ್ಲುವುದಿಲ್ಲ. ಅಂಥ ಓಪಲ್ ಬರೀ ಬಿಳಿಕಲ್ಲು, ಬೆಲೆಯಿಲ್ಲ.

ಅಂದರೆ ಸ್ಟೋಬರ್ ಪ್ರಬಂಧ ಬರೆಯುವ ಎಷ್ಟೋ ಕಾಲ ಮೊದಲೇ ಆಸ್ಟ್ರೇಲಿಯಾದ ನೆಲ, ಬಂಡೆಯ ಬಿರುಕುಗಳಲ್ಲಿ ಜಿನುಗುವ ನೀರಿನಿಂದ, ಯಾರ ಉಸ್ತುವಾರಿಯೂ ಇಲ್ಲದೆ, ಈ ಕೆಲಸ ಮಾಡಿ ಮುಗಿಸಿತ್ತು. ಆತುರವಿಲ್ಲದವರಿಗೆ ಕಳ್ಳಕಾಳಿನ ಭಯ ಕಡಿಮೆ.

ಇನ್ನೊಂದು ಬಳಕೆ ನನಗೆ ಬಹಳ ಮೆಚ್ಚು. ಗಾಜಿನ ಪ್ರತಿ ಮುಖದಿಂದ ಬೆಳಕಿನ ನೂರಕ್ಕೆ ನಾಲ್ಕು ಭಾಗ ವಾಪಸು ಚಿಮ್ಮುತ್ತದೆ. ಕನ್ನಡಕದಲ್ಲಿ ಅದು ಸಣ್ಣ ಕಿರಿಕಿರಿ. ಕ್ಯಾಲಿಫೋರ್ನಿಯಾದ ಲಿವರ್ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳನ್ನು ಒಂದು ಚಿಕ್ಕ ಗುರಿಗೆ ಹಾಯಿಸಿ ಪರಮಾಣು ಸಮ್ಮಿಳನ ನಡೆಸುವ ಯಂತ್ರವಿದೆ. ಅಲ್ಲಿ ಕಿರಣ ಎಷ್ಟೋ ಮಸೂರಗಳನ್ನು ದಾಟಬೇಕು, ಪ್ರತಿ ಮುಖದಲ್ಲೂ ನಾಲ್ಕು ನಾಲ್ಕು ಕಳೆದರೆ ಉಳಿಯುವುದೇನು? ಪ್ರತಿಫಲನ ತಡೆಯುವ ಲೇಪ ಬೇಕು, ಅದರ ವಕ್ರೀಭವನಾಂಕ ಸುಮಾರು 1.22 ಇರಬೇಕು. ಅಷ್ಟು ಕಡಿಮೆಯ ಗಟ್ಟಿ ಪದಾರ್ಥ ಲೋಕದಲ್ಲಿ ಸಿಗುವುದು ದುರ್ಲಭ. ಅಲ್ಲಿನ ಇಯಾನ್ ಥಾಮಸ್ 1986ರಲ್ಲಿ ತೋರಿಸಿದ ಉಪಾಯ ಇದು: ಸ್ಟೋಬರ್ ಮಾದರಿಯಲ್ಲಿ ಬೆಳೆಸಿದ ಸುಮಾರು 20 ನ್ಯಾನೊಮೀಟರಿನ ಸಿಲಿಕಾ ಗೋಲಿಗಳನ್ನು ಗಾಜಿನ ಮೇಲೆ ಸಡಿಲವಾಗಿ ಕೂರಿಸಿದರೆ, ಅರ್ಧ ಸಿಲಿಕಾ, ಅರ್ಧ ಗಾಳಿ. ಗಾಜಿನದೂ ಗಾಳಿಯದೂ ಸೇರಿ ಬೇಕಾದ ಸಂಖ್ಯೆ ಸಿಗುತ್ತದೆ. ಬೆರಳಿನಿಂದ ಒರೆಸಿದರೆ ಹೋಗುವಷ್ಟು ನಾಜೂಕಾದ ಲೇಪ, ಆದರೆ ಲೇಸರಿನ ಹೊಡೆತಕ್ಕೆ ಗಟ್ಟಿ ಲೇಪಗಳಿಗಿಂತ ಚೆನ್ನಾಗಿ ತಾಳಿಕೊಂಡಿತು. 2022ರ ಡಿಸೆಂಬರಿನಲ್ಲಿ ಅದೇ ಯಂತ್ರ, ಗುರಿಗೆ ಮುಟ್ಟಿಸಿದ ಲೇಸರ್ ಶಕ್ತಿಗಿಂತ ಹೆಚ್ಚು ಶಕ್ತಿಯನ್ನು ಸಮ್ಮಿಳನದಿಂದ ಪಡೆದ ಸುದ್ದಿಯನ್ನು ನೀವು ಇದೇ ರೇಡಿಯೊದಲ್ಲಿ ಕೇಳಿರಬಹುದು. ಗೋಲಿಗಳ ಹೆಸರು ಸುದ್ದಿಯಲ್ಲಿ ಬರಲಿಲ್ಲ.

ವೈದ್ಯರಿಗೂ ಇವುಗಳ ಮೇಲೆ ಕಣ್ಣಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಉಲ್ರಿಕ್ ವೀಸ್ನರ್ ಮತ್ತು ತಂಡ ಬೆಳಕು ಬೀರುವ ಬಣ್ಣವನ್ನು ಸಿಲಿಕಾ ಕಣದೊಳಗೆ ಹುದುಗಿಸಿ, ಆರೇಳು ನ್ಯಾನೊಮೀಟರಿಗೆ ಅಳತೆಯನ್ನು ಹಿಡಿದಿಟ್ಟಿತು. ಕ್ಯಾನ್ಸರ್ ಗಡ್ಡೆಯನ್ನು ಗುರುತಿಸುವ ಈ ಕಣಗಳನ್ನು ಮನುಷ್ಯರಲ್ಲಿ ಮೊದಲ ಸಲ ಪರೀಕ್ಷಿಸಲು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅಳತೆಗೆ ಅಷ್ಟು ಪಟ್ಟು ಹಿಡಿಯಲು ಕಾರಣ ಮೂತ್ರಪಿಂಡ. ಅಷ್ಟು ಸಣ್ಣ ಕಣ ಅಲ್ಲಿ ಸೋಸಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಇನ್ನೊಂದಿಷ್ಟು ದಪ್ಪಗಿದ್ದರೆ ಯಕೃತ್ತಿನಲ್ಲಿ ಠಿಕಾಣಿ ಹೂಡುತ್ತದೆ. ಇಲ್ಲಿ ಕಳ್ಳಕಾಳು ಎದ್ದರೆ ನೀರು ಬಿಟ್ಟು ಕರಗಿಸುವ ಮಾತಿಲ್ಲ.

ಕಂಪ್ಯೂಟರ್ ಚಿಪ್ಪಿನ ಸಿಲಿಕಾನ್ ಬಿಲ್ಲೆಗಳನ್ನು ಕನ್ನಡಿಯಂತೆ ಉಜ್ಜುವುದಕ್ಕೂ ಸಿಲಿಕಾ ಕಣಗಳ ಗಂಜಿಯನ್ನೇ ಬಳಸುತ್ತಾರೆ. ನಡುವೆ ಒಂದು ದಪ್ಪ ಕಣ ಸೇರಿಕೊಂಡರೂ ಗೀರು ಬೀಳುತ್ತದೆ. ಔಷಧ ಕಾರ್ಖಾನೆಗಳಲ್ಲಿ ಶುದ್ಧತೆ ಪರೀಕ್ಷಿಸುವ ಕ್ರೊಮಟೊಗ್ರಫಿ ಕೊಳವೆಗಳ ಒಳಗೂ ಸಿಲಿಕಾ ಗೋಲಿಗಳೇ, ಅವು ಮೈಕ್ರಾನ್ ಲೆಕ್ಕದವು.

ಮೊದಲ ಸಲ ನನಗೆ ಒಂದೇ ಅಳತೆಯ ಗೋಲಿಗಳು ಸಿಕ್ಕಾಗ ಅವನ್ನು ತೊಳೆದು, ಗಾಜಿನ ಪಟ್ಟಿಯನ್ನು ಆ ಹಾಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಆಲ್ಕೋಹಾಲ್ ಮೆಲ್ಲಗೆ ಆರಲು ಬಿಟ್ಟೆ. ಮೂರು ದಿನದ ಮೇಲೆ ಪಟ್ಟಿಯ ಮೇಲೆ ತೆಳುವಾದ ಬಿಳಿ ಪೊರೆ ಉಳಿದಿತ್ತು. ಸುಮಾರು 300 ನ್ಯಾನೊಮೀಟರಿನ ಗೋಲಿಗಳು. ಅಂಥವು ಒಂದು ಗ್ರಾಮಿಗೆ ಮೂವತ್ತೈದು ಲಕ್ಷ ಕೋಟಿ ಹಿಡಿಯುತ್ತವೆಂದು ಲೆಕ್ಕ ಹಾಕಿಟ್ಟುಕೊಂಡಿದ್ದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ.

ಮಾವ ಕನ್ನಡಕ ಹಾಕಿಕೊಂಡು, ಹಳೆಯ ಅಭ್ಯಾಸದಂತೆ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಬಲ್ಬಿಗೆ ಎತ್ತಿದರು. "ಕಾಳು ಎಲ್ಲಿದೆಯೋ? ನಂಗೇನೂ ಕಾಣ್ತಿಲ್ಲ." ಸ್ವಲ್ಪ ಓರೆ ಮಾಡಿ ಮಾವ, ಎಂದೆ. ಓರೆ ಮಾಡಿದರು. ಪೊರೆಯ ಮೇಲೆ ಹಸಿರು ಸರಿದು ಹೋಯಿತು. ಇನ್ನಷ್ಟು ಓರೆ ಮಾಡಿದರು, ಹಸಿರು ನೀಲಿಗೆ ತಿರುಗಿತು. ಅಂಚಿನಿಂದ ಅಂಚಿನ ತನಕ, ನಡುವೆ ಎಲ್ಲೂ ಕಲೆಯಿಲ್ಲದೆ. ಅವರು ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತಾ ಬಹಳ ಹೊತ್ತು ನೋಡಿದರು.

"ಕಳ್ಳಕಾಳು ಎದ್ದಿಲ್ಲ ಬಿಡು" ಎಂದು ಪಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.